ಬೇರೆಯವರ ಚರಂಡಿ

ಕೆ.ಆರ್. ಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಗ ಎನ್ನೆಸ್ಸೆಸ್ ಶಿಬಿರಕ್ಕೆಂದು ನಮ್ಮನ್ನು ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಕರೆದೊಯ್ದರು. ಒಂದು ವಾರ ಊರಿನ ಶಾಲೆಯಲ್ಲೇ ವಾಸ. ಗಿಡ ನೆಡುವುದು, ಸಂಜೆಗೆ ಹಾಡು ಕುಣಿತ ಇರುತ್ತದೆ ಅಂದುಕೊಂಡು ಹೆಸರು ಕೊಟ್ಟಿದ್ದೆ. ಮಾರನೆಯ ದಿನವೇ ಕೈಗೆ ಗುದ್ದಲಿ, ಮಂಕರಿ ಬಂತು. ನಡುಬೀದಿಯ ಚರಂಡಿಯ ಹೂಳೆತ್ತಬೇಕಿತ್ತು.

ಮೊದಲು ಉಸಿರು ಬಿಗಿಹಿಡಿದು ಎತ್ತಿದೆವು. ಬರಬರುತ್ತಾ ವಾಸನೆ ಮರೆತು ನಗಾಡುತ್ತಾ ಎತ್ತಿದೆವು. ಅಂಥ ಹೊತ್ತಿನಲ್ಲೇ ಅಪ್ಪ ಬೈಕಿನಲ್ಲಿ ಬಂದರು. ಅವ್ವ ಕಳಿಸಿದ್ದ ಚಕ್ಕುಲಿ ಡಬ್ಬಿ ಹ್ಯಾಂಡಲ್ಲಿಗೆ ನೇತಾಡುತ್ತಿತ್ತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಿಂತವಳು ಮಗಳೆಂದು ಗುರುತು ಹತ್ತಲು ಅವರಿಗೆ ಕೊಂಚ ಹೊತ್ತು ಹಿಡಿಯಿತು.

“ನಡಿ, ಬ್ಯಾಗ್ ತಕ್ಕೊ. ಇದ್ಕೇನವ್ವ ನಿನ್ನ ಓದುಸ್ತಿರೋದು?”

“ಶಿಬಿರ ಮುಗುಸ್ಕೊಂಡೇ ಬತ್ತೀನಪ್ಪ.”

“ಇಂಥ ಕೆಲ್ಸಕ್ಕೆ ಬ್ಯಾರೆ ಜನ ಅವ್ರೆ ಕಣವ್ವ.”

ಸಗಣಿ ಬಾಚಿ ಬೆಳೆದವಳು ನಾನು. ನಮ್ಮ ಕೊಟ್ಟಿಗೆಯ ಗಲೀಜಾಗಿದ್ದರೆ ಅಪ್ಪ ತುಟಿ ಬಿಚ್ಚುತ್ತಿರಲಿಲ್ಲ. ಬೇರೆಯವರದು ಅನ್ನುವುದೇ ಅವರನ್ನು ಚುಚ್ಚಿದ್ದು.

ಎದುರುಮನೆಯ ಹೆಂಗಸು ಜಗಲಿಯಿಂದ ಕೇಳಿಸಿಕೊಳ್ಳುತ್ತಿದ್ದರು. “ಮಗೀಗೆ ಬಯ್ಯಬ್ಯಾಡಿ ಅಣ್ಣ. ನಾಚ್ಕೆ ಆಗ್ಬೇಕಾಗಿರೋದು ನಮ್ಗೆ,” ಅಂದವರೇ ಒಳಗಿನಿಂದ ಗುದ್ದಲಿ ತಂದು, ಸೆರಗು ಸಿಕ್ಕಿಸಿ ಚರಂಡಿಗೆ ಇಳಿದರು. ಅಪ್ಪ ಡಬ್ಬಿ ಕೊಟ್ಟು ಬೈಕು ತಿರುಗಿಸಿದರು.

ಕೊನೆಯ ದಿನ ನಮಗೆಲ್ಲ ಹಾರ ಹಾಕಿ ಫೋಟೋ ತೆಗೆದರು. ಅದೇ ಖುಷಿಯಲ್ಲಿ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಮೋರಿ ಪಕ್ಕ ಪೌರಕಾರ್ಮಿಕ ಹೆಂಗಸೊಬ್ಬರು ಅದೇ ಬಗೆಯ ಹೂಳು ಎತ್ತುತ್ತಿದ್ದರು. ಜನ ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ದಿನಾ ಕಾಲೇಜಿಗೆ ಹೋಗುವಾಗ ನಾನೂ ಹಾಗೇ ದಾಟಿದವಳು. ವಾರ ಮಾಡಿದ್ದಕ್ಕೆ ನಮ್ಮದು ಸೇವೆಯಾಯಿತು. ಜೀವಮಾನವಿಡೀ ಮಾಡುವ ಅವರದಕ್ಕೆ ಆ ಹೆಸರಿಲ್ಲ. ಅಪ್ಪ ಹೇಳಿದ ಬ್ಯಾರೆ ಜನ ಇವರೇ ಅಂತ ಆಗ ಹೊಳೆಯಿತು.

ಈಗ ಶ್ರೀರಂಗಪಟ್ಟಣದಲ್ಲಿ ಕೆಲಸದಲ್ಲಿದ್ದೇನೆ. ಈಚೆಗೆ ಆ ಹಳ್ಳಿಯ ಮೇಲೆ ಹಾದುಹೋಗುವಾಗ ಇಳಿದು ನೋಡಿದೆ. ಚರಂಡಿ ಅರ್ಧಕ್ಕರ್ಧ ಮತ್ತೆ ಕಟ್ಟಿಕೊಂಡಿತ್ತು. ಎದುರುಮನೆಯ ಆ ಹೆಂಗಸಿನ ಕಡೆ ಮಾತ್ರ ನೀರು ಹರಿಯುತ್ತಿತ್ತು. “ನಾವು ನಾಕು ಮನೆಯೋರು ಎತ್ತಾಕ್ತೀವಿ. ಮಿಕ್ಕೋರು ಬರಲ್ಲ ಕಣವ್ವ,” ಅಂದರು.

ಮನೆಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಹಸುವಿಗೆ ಹುಲ್ಲು ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ನಾಕು ಮನೆಯೋರಾದ್ರೂ ಮಾಡ್ತಾವ್ರಲ್ಲ ಬುಡು,” ಅಂದರು.