ಒಗ್ಗರಣಿ ಇಲ್ಲದ ಬುತ್ತಿ

ನಮ್ಮ ಸಿಂದಗಿ ಕಡೆ ಸತ್ತವರ ಮನ್ಯಾಗ ಒಲಿ ಹಚ್ಚೂದಿಲ್ಲ. ಬಂಧು ಬಳಗದವರು ಬುತ್ತಿ ಕಟ್ಟಿಕೊಂಡು ಬರ್ತಾರ. ರೊಟ್ಟಿ, ಅನ್ನ, ಒಗ್ಗರಣಿ ಹಾಕದ ಸಪ್ಪನ ಬ್ಯಾಳಿ. ಎದ್ದು ಹೋಗುವಾಗ 'ಬರ್ತೇನಿ' ಅನ್ನಂಗಿಲ್ಲ, ಅಂಥಾ ಕೆಲಸಕ್ಕ ಆ ಮನಿಗೆ ಮತ್ತ ಬರೂದು ಬ್ಯಾಡ ಅಂತ. ಇದನ್ನ ನಮಗ ಯಾರೂ ಕೂಡಿಸಿಕೊಂಡು ಕಲಿಸಿಲ್ಲ, ನೋಡಿ ನೋಡಿ ಬಂದದ್ದು. ಆದ್ರ ಜೀವಂತ ಇದ್ದಾನೋ ಇಲ್ಲೋ ಗೊತ್ತಿಲ್ಲದಾವನ ಮನಿಗೆ ಬುತ್ತಿ ಬಂದ್ರ ಏನ್ ಮಾಡಬೇಕು ಅಂತ ಯಾವ ಹಿರಿಯಾನೂ ಹೇಳಿರಲಿಲ್ಲ.

ನಮ್ಮಣ್ಣ ವಾಯುಸೇನೆಯೊಳಗ ಹೆಲಿಕಾಪ್ಟರ್ ರಿಪೇರಿ ಮಾಡಾಂವ. ಈಶಾನ್ಯದ ಗುಡ್ಡಗಾಡಿನ್ಯಾಗ ಅವನ ಡ್ಯೂಟಿ. ತಾನು ರಿಪೇರಿ ಮಾಡಿದ್ದರಾಗ ತಾನೂ ಹತ್ತಿ ಹೋಗಬೇಕು. ನಾನು ಇಲ್ಲೇ ಹೈಸ್ಕೂಲಿನ್ಯಾಗ ಕಲಸ್ತೇನಿ, ಅವ್ವ ನನ್ನ ಕೂಡನ ಇರ್ತಾಳ. ಟೀವ್ಯಾಗ ಎಲ್ಲ್ಯಾರ ಇಮಾನ ಬಿತ್ತು ಅಂತ ಬಂದ್ರ ಸಾಕು, ಅಕಿ ಕೈಯಾಗಿನ ಹಿಟ್ಟು ಹಂಗ ಬಿಟ್ಟು ಬಂದು ನಿಂದರ್ತಿದ್ದಳು.

ಹಿಂದಿನ ವರ್ಷ ಎಳ್ಳ ಅಮಾಸಿಗೆ ಅಣ್ಣ ರಜಾದ ಮ್ಯಾಲೆ ಬಂದಾಗ ಗೆಳೆಯನ್ನ ಕರಕೊಂಡು ಬಂದಿದ್ದ. ಹಿಮಾಲಯದ ಕಡೆಯ ಹುಡುಗ, ಅಣ್ಣನ ಜೋಡಿ ಒಂದ ರೂಮಿನ್ಯಾಗ ಇರಾಂವ. ಮೋರಟಗಿಯ ನಮ್ಮ ಹೊಲದಾಗ ಜ್ವಾಳದ ನಡುವ ಭೂಮಿತಾಯಿಗೆ ಎಡಿಯ ಅನ್ನ ತೂರಿ ಚರಗ ಚೆಲ್ಲುವಾಗ ನಮಗಿಂತ ಜೋರಾಗಿ ಕೂಗಿದ. ಸಜ್ಜಿ ರೊಟ್ಟಿ ತಿಂದದ್ದ ತಿಂದದ್ದು. ಕನ್ನಡದಾಗ ಅವನಿಗೆ ಬರ್ತಿದ್ದದ್ದು ಒಂದ ಮಾತು, 'ಅವ್ವಾ'. ಅದೊಂದು ಮಾತಿನ ಮ್ಯಾಲೆ ಅವ್ವನ ಕಡೆಯಿಂದ ಬೇಕಾದ್ದೆಲ್ಲಾ ಹಾಕಿಸಿಕೊಂಡ. ಅಕಿ ಅಂತೂ ಹೊಟ್ಟಿಲೆ ಹುಟ್ಟಿದ ಮಗನ್ನ ಬಿಟ್ಟು ಅವನ ತಾಟಿಗೇ ಬೆಣ್ಣಿ ಹಾಕಾಕತ್ತಿದ್ದಳು. ಅಣ್ಣಗ ಸಿಟ್ಟ ಬಂದಿತ್ತು, ಖರೇನ.

ಉಂಡು ಬಾವಿ ಕಟ್ಟಿ ಮ್ಯಾಲೆ ಕೂತಾಗ ಅವ್ವ ಕೇಳಿದಳು, "ಅಲ್ಲೋ, ನಿಮ್ಮ ಇಮಾನ ಯಾಕ ಹಂಗ ಬೀಳ್ತಾವು?"

ಅಣ್ಣ ಹೇಳಿದ. ಗುಡ್ಡದಾಗ ಮಂಜು ಬರತೈತಿ, ಹಕ್ಕಿ ಬಡೀತಾವು, ಮಷಿನ್ ಹಳೇವು ಇರ್ತಾವು, ಒಮ್ಮೊಮ್ಮೆ ಮನಶ್ಯಾನ ಕೈ ತಪ್ಪತೈತಿ. "ಆದ್ರ ಎವ್ವಾ, ಒಂದು ಬಿತ್ತಂದ್ರ ತನಿಖಿ ಮಾಡ್ತಾರ. ಯಾಕ ಬಿತ್ತು ಅಂತ ಹುಡುಕಿ ಹೊಸಾ ನಿಯಮ ಮಾಡ್ತಾರ. ಮೊದಲಿನಷ್ಟು ಈಗ ಬೀಳೂದಿಲ್ಲ."

ಅವ್ವ ಬಾವಿ ಕಟ್ಟಿ ಮ್ಯಾಲೆ ಕೈ ಆಡಿಸಿದಳು. "ಈ ಬಾವಿಗೂ ಹಂಗ ಆತು. ನಮ್ಮ ಎತ್ತು ಬಿದ್ದ ಮ್ಯಾಲೆ ನಿಮ್ಮಪ್ಪ ಕಟ್ಟಿ ಕಟ್ಟಿಸಿದ. ಕಟ್ಟಿ ಚಲೋನ ಐತಿ. ಎತ್ತು ಬರಲಿಲ್ಲ."

ಗೆಳೆಯ ಏನಂದ್ರು ಅಂತ ಕೇಳಿದ. ಅಣ್ಣ ಹಿಂದಿಯೊಳಗ ಹೇಳಿದ. ಆ ಹುಡುಗ ನಗಲಿಲ್ಲ, ಎದ್ದು ಬಾವಿ ಒಳಗ ಹಣಿಕಿ ಹಾಕಿ ನೋಡಿದ.

ಈ ಮಾತಾಗಿ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ ಟೀವ್ಯಾಗ ಬಂತು, ಅಣ್ಣ ಇದ್ದ ಸೀಮಿಯೊಳಗನ ವಾಯುಸೇನೆಯ ಹೆಲಿಕಾಪ್ಟರ್ ಬಿದ್ದೈತಿ, ಒಳಗಿದ್ದವರು ಯಾರೂ ಉಳಿದಿಲ್ಲ. ಹೆಸರು ಹೇಳಲಿಲ್ಲ. ಅಣ್ಣನ ಫೋನ್ ಹತ್ತಲಿಲ್ಲ. ಅಂಥಾ ಹೊತ್ತಿನ್ಯಾಗ ಸತ್ತವರ ಮನಿಗೆ ತಿಳಿಸೂ ತನಕ ಯಾರೂ ಫೋನ್ ಮಾಡಂಗಿಲ್ಲ ಅಂತ ಅಂವ ಮೊದಲ ಹೇಳಿಟ್ಟಿದ್ದ. ಹೇಳಿದ್ದೇನೋ ಖರೆ, ಎದಿ ಕೇಳಬೇಕಲ್ಲ? ನಾನು ಮತ್ತ ಮತ್ತ ಫೋನ್ ಹಚ್ಚಾಕತ್ತಿದ್ದೆ.

ಅಷ್ಟರಾಗ ಬಸವನ ಬಾಗೇವಾಡಿಯ ನಮ್ಮ ಸಂಬಂಧಿಕ ಒಬ್ಬ ಮೊಬೈಲ್ ಗ್ರೂಪಿನ್ಯಾಗ ಅಣ್ಣನ ಫೋಟೋ ಹಾಕಿ ಕೆಳಗ 'ಓಂ ಶಾಂತಿ' ಅಂತ ಬರದಿದ್ದ. ಅವನ ಕೈ ಸೇದಿ ಹೋಗಲಿ! ಒಂದು ಫೋನ್ ಮಾಡಿ ಕೇಳಾಕ ಏನಾಗಿತ್ತು ಧಾಡಿ? ಆದ್ರ ನಮ್ಮ ಮಂದಿ ಸಾವಿನ ಸುದ್ದಿ ಕೇಳಿ ಖರೆ ಏನು ಅಂತ ವಿಚಾರಿಸೂದಿಲ್ಲ, ಬುತ್ತಿ ಕಟ್ತಾರ.

ಓಣಿಯವರು ಬಂದು ಸುಮ್ಮನ ಕೂತು ಎದ್ದು ಹೋಗಾಕತ್ತಿದ್ರು. ಅವ್ವ ಬಾಗಲಕ್ಕ ಬಂದು ಒದರಿದಳು, "ಯಾಕ್ರಿ, ಬಾಯಿ ಇಲ್ಲೇನು ನಿಮಗ? 'ಬರ್ತೇನಿ' ಅಂತ ಹೇಳಿ ಹೋಗ್ರಿ! ನನ್ನ ಮಗಗ ಏನೂ ಆಗಿಲ್ಲ." ಮಂದಿ ಅಂಜಿ 'ಬರ್ತೇವ್ರಿ, ಬರ್ತೇವ್ರಿ' ಅಂತ ಹೇಳಿ ಹೋದ್ರು.

ಸಂಜಿಕ ಮುದ್ದೇಬಿಹಾಳದಿಂದ ದೊಡ್ಡವ್ವ, ಅಂದ್ರ ಅವ್ವನ ಅಕ್ಕ, ಬಸ್ಸು ಬದಲಿ ಮಾಡಿ ಬಂದಳು. ಬಗಲಾಗ ಬಿಳಿ ಅರಿವಿಯಾಗ ಕಟ್ಟಿದ ಬುತ್ತಿಯ ಗಂಟು. ಇಂಡಿ ಊರಿಂದ ಅವ್ವನ ತಮ್ಮ, ನಮ್ಮ ಮಾವನೂ ಬಂದ. ಅವ್ವ ಆ ಗಂಟು ನೋಡಿದ್ದ ತಡ, ಬೆಂಕಿ ಆದಳು.

"ಅಕ್ಕಾ, ಅದನ್ನ ಹೊರಗ ಇಡು. ನನ್ನ ಮನ್ಯಾಗ ಬಿಚ್ಚಿದ್ರ ನೋಡು!"

ಒಳಗ ಹೋಗಿ ಗ್ಯಾಸ್ ಹಚ್ಚಿದಳು. ಬ್ಯಾಳಿ ಇಟ್ಟಳು. ಸೌಟಿನ್ಯಾಗ ಎಣ್ಣಿ ಕಾಸಿ ಸಾಸಿವಿ, ಬಳ್ಳೊಳ್ಳಿ, ಒಣ ಮೆಣಸಿನಕಾಯಿ ಹಾಕಿ ಒಗ್ಗರಣಿ ಕೊಟ್ಟಳು ನೋಡ್ರಿ, ಘಾಟಿಗೆ ಪಡಸಾಲ್ಯಾಗ ಕೂತವರೆಲ್ಲಾ ಕೆಮ್ಮಿದ್ರು. ಕಿಡಕಿ ತಗದಿಟ್ಟಳು. ಆ ವಾಸನಿ ಓಣಿಗೆಲ್ಲಾ ಹೋಗಲಿ ಅಂತನ ತಗದಿದ್ದಳು ಅಂತ ನನಗ ಗೊತ್ತಾತು. ಅಳು ತಡಕೊಳ್ಳಾಕ ಆಗದ ನಾನು ಹಿತ್ತಲಕ್ಕ ಹೋದೆ.

ನಾನು ತಿರುಗಿ ಒಳಗ ಬಂದಾಗ ಅವ್ವ ರೊಟ್ಟಿ ಹಿಟ್ಟು ನಾದಾಕತ್ತಿದ್ದಳು, ಅಷ್ಟರಾಗ ಫೋನ್ ಬಂತು. ಅಣ್ಣಂದು. ಅವನ ದನಿ ಕೇಳಿದ್ದ ತಡ, ನಾನು "ಅಣ್ಣಾ!" ಅಂತ ಒದರಿದೆ. ಮಾವ "ಶಿವಾ!" ಅಂತ ಕೈ ಮುಗದ. ಅವ್ವ ಹಿಟ್ಟಿನ ಕೈಯಿಂದನ ಫೋನ್ ಕಸಗೊಂಡಳು. "ಅದಿಯೇನೋ, ನನ್ನಪ್ಪಾ?" ಅಂದಳು. ಆಮ್ಯಾಲೆ ಬರೇ ಕೇಳಿದಳು. ಅಕಿ ಮಾರಿ ಹಂಗ ಸಣ್ಣದಾಗ್ತಾ ಬಂತು.

"ಯಾರು, ಅವ್ವಾ ಅಂತಿದ್ದನಲ್ಲ, ಅಂವನ?"

ಫೋನಿನ್ಯಾಗ ಅಣ್ಣ ಅಳಾಕತ್ತಿದ್ದು ನಮಗೂ ಕೇಳಿಸ್ತು. ತನಿಖಿ ಮಾಡ್ತಾರಂತ ಎವ್ವಾ, ತನಿಖಿ ಮಾಡ್ತಾರಂತ, ಅಂತ ಅದನ್ನ ಹೇಳಾಕತ್ತಿದ್ದ.

"ಮಾಡ್ಲಿ," ಅಂದಳು ಅವ್ವ. "ಕಟ್ಟಿ ಕಟ್ಲಿ. ನೀ ಉಣ್ಣು ಮೊದಲ."

ಫೋನ್ ನನ್ನ ಕೈಯಾಗ ಕೊಟ್ಟು ಒಳಗ ಹೋದಳು. ಗ್ಯಾಸ್ ಆರಿಸಿದಳು. ಒಗ್ಗರಣಿ ಕೊಟ್ಟ ಬ್ಯಾಳಿಯ ಬೋಗಾಣಿ ಎತ್ತಿ ಹಿತ್ತಲದಾಗ ಆಕಳ ಬಾನಿಗೆ ಸುರುವಿದಳು. ಹಿಟ್ಟಿನ ಮ್ಯಾಲೆ ಬುಟ್ಟಿ ಮುಚ್ಚಿದಳು. ಕೈ ತೊಳಕೊಂಡು ಪಡಸಾಲಿಗೆ ಬಂದು ಗ್ವಾಡಿಗೆ ಆತು ಕೂತಳು.

"ಅಕ್ಕಾ, ಆ ಗಂಟು ಒಳಗ ತಗೊಂಡು ಬಾ."

ದೊಡ್ಡವ್ವ ಬಿಡುಗಣ್ಣು ಬಿಟ್ಟು ನೋಡಿದಳು. "ಹುಚ್ಚಿ, ನಿನ್ನ ಮಗ ಉಳಿದಾನಲ್ಲಬೇ!"

"ಒಬ್ಬಾಂವ ಉಳಿದಾನ," ಅಂದಳು ಅವ್ವ. "ಬಿಚ್ಚು."

ಸಪ್ಪನ ಬ್ಯಾಳಿಯೊಳಗ ರೊಟ್ಟಿ ಅದ್ದಿ ನಾಲ್ಕೂ ಮಂದಿ ಉಂಡ್ವಿ. ಆ ಗುಡ್ಡದ ಊರಾಗ ಅವನ ಹಡದವ್ವಗ ಇವತ್ತ ಯಾರು ಬುತ್ತಿ ಒಯ್ದಾರೋ ಅಂತ ಅವ್ವ ಒಮ್ಮೆ ಕೇಳಿದಳು. ಇಂಡಿ ಬಸ್ಸಿಗೆ ಹೊತ್ತಾಗಿತ್ತು. ಮಾವ ಎದ್ದು ಚಪ್ಪಲಿ ಮೆಟ್ಟಿದ, ಬಾಗಲದಾಗ ಒಂದು ಗಳಿಗಿ ನಿಂತು ಅವ್ವನ ಮಾರಿ ನೋಡಿದ, 'ಬರ್ತೇನಿ' ಅನ್ನದ ಹೊಂಟ. ಅವ್ವ ಅವನ್ನ ಹಿಂದಕ್ಕ ಕರೀಲಿಲ್ಲ.