ಮೆಕ್ಯಾನಿಕ್ ಎದುರು ಕೆಡದ ಕಾರು

ನನ್ನ ಕಾರು ಮೆಕ್ಯಾನಿಕ್ ಒಬ್ಬರ ಎದುರು ಬಿಟ್ಟು ಬೇರೆ ಎಲ್ಲರ ಎದುರೂ ಕೆಡುತ್ತಿತ್ತು. ನನ್ನ ವಿದ್ಯಾರ್ಥಿಗಳ ಎದುರು ಕೆಟ್ಟಿತು, ಅವರ ತಂದೆತಾಯಿಗಳ ಎದುರು ಕೆಟ್ಟಿತು, ಒಮ್ಮೆ ಗುಬ್ಬಿ ಬಸ್ ಸ್ಟ್ಯಾಂಡಿನ ಮುಂದೆ, ಹಿಂದಿನಿಂದ ಎರಡು ಬಸ್ಸುಗಳು ಒಟ್ಟಿಗೇ ಹಾರ್ನ್ ಹೊಡೆಯುವಾಗಲೂ ಕೆಟ್ಟಿತು. ಆದರೆ ತುಮಕೂರಿನ ಮರಳೂರಿನಲ್ಲಿರುವ ಮುಜೀಬಣ್ಣನ ಗ್ಯಾರೇಜಿನೊಳಕ್ಕೆ ಕಾಲಿಟ್ಟಿತೋ, ಇನ್ಸ್‌ಪೆಕ್ಟರು ಬಂದ ದಿನದ ಒಂಬತ್ತನೇ ತರಗತಿಯ ಹಾಗೆ ಕೈಕಟ್ಟಿ ಕೂತುಬಿಡುತ್ತಿತ್ತು.

"ಏನೂ ಇಲ್ಲ ಮೇಡಂ, ಗಾಡಿ ಫಸ್ಟ್ ಕ್ಲಾಸ್ ಐತೆ," ಎನ್ನುತ್ತಿದ್ದರು ಮುಜೀಬಣ್ಣ, ಬಾನೆಟ್ ಮುಚ್ಚುತ್ತ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಆಗುವ ಅವಮಾನ ವಿಚಿತ್ರವಾದದ್ದು. ರಾತ್ರಿಯೆಲ್ಲ ಪ್ರಾಣ ತೆಗೆದ ಹಲ್ಲು, ಡಾಕ್ಟರ ಕುರ್ಚಿಯಲ್ಲಿ ಕೂತ ಕೂಡಲೇ ಸುಮ್ಮನಾಗುತ್ತದಲ್ಲ, ಹಾಗೆ. ನೋವು ಹೋಯಿತೆಂದು ಸಂತೋಷಪಡುವ ಬದಲು, ನಾವು ಸುಳ್ಳು ಹೇಳಲಿಲ್ಲ ಎಂದು ಸಾಬೀತು ಮಾಡಲು ಕೆನ್ನೆ ಒತ್ತಿ ಒತ್ತಿ ನೋವನ್ನು ಹುಡುಕುತ್ತೇವೆ.

ನಮ್ಮ ಮನೆ ತುಮಕೂರಿನಲ್ಲಿ, ನಾನು ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಈ ಹಳೆಯ ಪೆಟ್ರೋಲ್ ಕಾರಿಗೂ ನನಗೂ ಜೊತೆಯಾಗಿ ಆರು ವರ್ಷ. ನಮ್ಮ ಯಜಮಾನರು, "ಹದಿನೇಳು ವರ್ಷದ ಗಾಡಿ ಕಣೇ, ಅದಕ್ಕೂ ರಿಟೈರ್ಮೆಂಟ್ ಬೇಡ್ವಾ?" ಎಂದು ಕೇಳುತ್ತಲೇ ಇದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, ಏಕೆಂದರೆ ಈ ಕಾರಿನಲ್ಲಿ ನನಗೊಂದು ಕೆಲಸವಿತ್ತು. ಕುಣಿಗಲ್ಲಿನಲ್ಲಿರುವ ನಮ್ಮ ರತ್ನಕ್ಕನಿಗೆ ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಬಲಗಾಲು, ಬಲಗೈ ಸೋತಿದ್ದವು. ಪ್ರತಿ ಶನಿವಾರ ಮಧ್ಯಾಹ್ನ ಅವಳನ್ನು ತುಮಕೂರಿಗೆ ಕರೆತಂದು ಫಿಸಿಯೋಥೆರಪಿ ಮಾಡಿಸಿ ವಾಪಸು ಬಿಡುವುದು ನನ್ನ ಪಾಲಿನದು. ಭಾವನವರಿಗೆ ಡ್ರೈವಿಂಗ್ ಬಾರದು. ಆ ಕಾಲಿಟ್ಟುಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದು ಅಕ್ಕನಿಂದ ಆಗದು.

ಒಂದು ಶನಿವಾರ ಅಕ್ಕನನ್ನು ಕೂರಿಸಿಕೊಂಡು ಬರುತ್ತಿದ್ದೆ. ಹೆಬ್ಬೂರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಎಂಜಿನ್ ಒಮ್ಮೆ ಬಿಕ್ಕಿದಂತೆ ಮಾಡಿ ಸತ್ತೇಹೋಯಿತು. ಕೀ ತಿರುಗಿಸಿದರೆ ಗರಗರ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ರಸ್ತೆಯ ಮೇಲೆ ನೆರಳಿಲ್ಲ. ಅಕ್ಕನ ಕಾಲು ಮರಗಟ್ಟಿ ಸೆಳೆಯತೊಡಗಿತು. ನಾನು ಹಿಂದಿನ ಸೀಟಿನಲ್ಲಿ ಕೂತು ಅವಳ ಮೀನಖಂಡ ತಿಕ್ಕುತ್ತ, ಸೆರಗಿನಿಂದ ಗಾಳಿ ಬೀಸುತ್ತ ಇದ್ದೆ. ಇಪ್ಪತ್ತು ನಿಮಿಷದ ಮೇಲೆ ಕಾರು, ಏನೂ ನಡೆದೇ ಇಲ್ಲವೆಂಬಂತೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಆ ದಿನ ಕ್ಲಿನಿಕ್ಕಿನ ಸಮಯ ಮೀರಿಹೋಗಿತ್ತು. ವಾಪಸು ಹೋಗುವಾಗ ಅಕ್ಕ ಕಿಟಕಿಯಾಚೆ ನೋಡುತ್ತ ಹೇಳಿದಳು:

"ಬುಡು ಸುಧಾ, ಇನ್ಮೇಲೆ ಬರಲ್ಲ ನಾನು. ಮನೇಲೇ ಏನೋ ಒಂದಿಷ್ಟು ಕೈಕಾಲು ಆಡುಸ್ಕೊಂಡು ಇರ್ತೀನಿ. ನಿಂಗ್ಯಾಕೆ ಈ ಗೋಳು?"

ಅವಳು ಮನೆಯಲ್ಲಿ ಕೈಕಾಲು ಆಡಿಸುವುದಿಲ್ಲವೆಂದು ನನಗೆ ಗೊತ್ತು. ಕುರ್ಚಿಯಲ್ಲಿ ಕೂತು ಬಾಗಿಲು ನೋಡುತ್ತಾಳೆ ಅಷ್ಟೆ. ಆ ಸಂಜೆಯೇ ನಿರ್ಧರಿಸಿದೆ: ಮುಂದಿನ ಶನಿವಾರದೊಳಗೆ ಈ ಕಾರಿನ ರೋಗ ಹಿಡಿಯಲೇಬೇಕು.

ಅಲ್ಲಿಯವರೆಗೆ ಮುಜೀಬಣ್ಣ ಪ್ಲಗ್ ಬದಲಾಯಿಸಿದ್ದರು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದ್ದರು, ಬ್ಯಾಟರಿಯ ತುದಿಗಳನ್ನು ಉಜ್ಜಿ ಹೊಳೆಸಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಬ್ಬಿಯವರೆಗೆ ಓಡಿಸಿಯೂ ನೋಡಿದ್ದರು. ಹೋಗುವಾಗ ನಲವತ್ತೈದು ನಿಮಿಷ, ಬರುವಾಗ ನಲವತ್ತೈದು ನಿಮಿಷ, ಒಂದು ಕೆಮ್ಮಿಲ್ಲ. ಪಾಪ, ಅವರಾದರೂ ಏನು ಮಾಡಿಯಾರು? ಕಾಣದ ಕಾಯಿಲೆಗೆ ಮದ್ದು ಕೊಡುವುದು ಕಷ್ಟ.

ಹಾಳೆ ತೆಗೆದುಕೊಂಡು ಕೂತೆ. ಕಾರು ಕೈಕೊಟ್ಟ ಒಂದೊಂದು ಸಲವನ್ನೂ ನೆನಪಿಸಿಕೊಂಡು ಬರೆದೆ. ಮಳೆಯಲ್ಲೂ ನಿಂತಿದೆ, ಬಿಸಿಲಲ್ಲೂ ನಿಂತಿದೆ. ಟ್ಯಾಂಕ್ ತುಂಬಿದಾಗಲೂ ನಿಂತಿದೆ, ಅರ್ಧ ಇದ್ದಾಗಲೂ ನಿಂತಿದೆ. ಯಾವ ಸೂತ್ರವೂ ಕೂಡಿಬರಲಿಲ್ಲ. ಕೊನೆಗೆ ಯಜಮಾನರು ಕಾಫಿ ತಂದಿಟ್ಟು, ಹಾಳೆಯ ಮೇಲೆ ಕಣ್ಣಾಡಿಸಿ, "ಗುಬ್ಬೀಲಿ ಹೂವು ತಗೊಂಡ್ ಮೇಲೆ, ಗೂಳೂರಲ್ಲಿ ಸೀಬೆಹಣ್ಣು ತಗೊಂಡ್ ಮೇಲೆ, ಹೆಬ್ಬೂರಲ್ಲಿ ಎಳನೀರು ಕುಡಿದ್ ಮೇಲೆ... ಇದು ಕಾರಿನ ಲಿಸ್ಟೋ, ನಿನ್ನ ಶಾಪಿಂಗ್ ಲಿಸ್ಟೋ?" ಎಂದು ನಕ್ಕರು.

ನಾನು ನಗಲಿಲ್ಲ. ಎದ್ದು ನಿಂತುಬಿಟ್ಟೆ. ಎಲ್ಲೂ ನಿಲ್ಲಿಸದೆ ಓಡಿಸಿದಾಗ ಕಾರು ಎಂದೂ ಕೆಟ್ಟಿರಲಿಲ್ಲ. ಚೆನ್ನಾಗಿ ಓಡಿ ಬಿಸಿಯಾದ ಮೇಲೆ, ನಾನು ಹತ್ತು ನಿಮಿಷ ಆಫ್ ಮಾಡಿ ನಿಲ್ಲಿಸಿ, ಮತ್ತೆ ಹೊರಟಾಗ ಮಾತ್ರ ಕೆಡುತ್ತಿತ್ತು. ಓಡುವಾಗ ಗಾಳಿ ಬಡಿದು ತಂಪಾಗುವ ಎಂಜಿನ್, ನಿಂತ ಮೇಲೆ ತನ್ನ ಕಾವನ್ನು ತಾನೇ ಹೊದ್ದು ಕೂರುತ್ತದೆ. ಉಷ್ಣದ ಪಾಠವನ್ನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ನನ್ನದೇ ಬಾನೆಟ್ಟಿನ ಕೆಳಗೆ ಅದು ನಡೆಯುವುದು ಹೊಳೆಯಲು ಸೀಬೆಹಣ್ಣು ಬೇಕಾಯಿತು. ಮುಜೀಬಣ್ಣ ಗುಬ್ಬಿಗೆ ಹೋಗಿಬರುವಾಗ ಎಲ್ಲೂ ನಿಲ್ಲಿಸಿರಲಿಲ್ಲ. ಅವರು ಕೆಲಸದವರು, ನನ್ನಂತೆ ದಾರಿಯುದ್ದಕ್ಕೂ ಹಣ್ಣು ಹೂವು ಕೊಳ್ಳುವವರಲ್ಲ.

ಗುರುವಾರ ರಜೆ ಹಾಕಿ ಗ್ಯಾರೇಜಿಗೆ ಹೋಗಿ ಎಲ್ಲ ಹೇಳಿದೆ. ಮುಜೀಬಣ್ಣ ಗಡ್ಡ ಕೆರೆದುಕೊಂಡರು. "ಹಂಗಾದ್ರೆ ಒಂದು ಅನುಮಾನ ಐತೆ ಮೇಡಂ. ಎಂಜಿನ್ ತಿರುಗ್ತಾ ಐತೋ ಇಲ್ವೋ ಅಂತ ನೋಡ್ಕೊಳೋಕೆ ಕೆಳಗಡೆ ಒಂದು ಸೆನ್ಸರ್ ಇರ್ತದೆ, ಹೆಬ್ಬೆಟ್ಟಿನಷ್ಟು. ಕಾವು ಜಾಸ್ತಿ ಆದ್ರೆ ಅದು ಸುಮ್ಕಾಗ್ಬಿಡ್ತದೆ. ಅದು ಸುಮ್ಕಾದ್ರೆ ಪೆಟ್ರೋಲೂ ಬರಲ್ಲ, ಕಿಡೀನೂ ಬರಲ್ಲ. ಆದ್ರೆ ಸುಮ್ನೆ ಅಂದಾಜ್ ಮೇಲೆ ಬದಲಾಯ್ಸಲ್ಲ ನಾನು. ನಡೀರಿ, ನಿಂತ್ರೆ ನೋಡೋಣ."

ಎರಡು ಬಾಟಲಿ ತಣ್ಣೀರು ಇಟ್ಟುಕೊಂಡು ಕುಣಿಗಲ್ ರಸ್ತೆ ಹಿಡಿದೆವು. ಹೆಬ್ಬೂರಿನಲ್ಲಿ ನಿಲ್ಲಿಸಿ, ಇಬ್ಬರೂ ಗಡಿಯಾರ ನೋಡಿಕೊಂಡು ಟೀ ಕುಡಿದೆವು. ಹೊರಟೆವು. ಅರ್ಧ ಕಿಲೋಮೀಟರ್ ಆಯಿತು, ಏನೂ ಇಲ್ಲ. ಒಂದು ಕಿಲೋಮೀಟರ್ ಆಯಿತು, ಏನೂ ಇಲ್ಲ. ಕೆಡು ಮಾರಾಯ, ಒಂದೇ ಒಂದು ಸಲ ಕೆಡು ಎಂದು ಬೇಡಿಕೊಂಡೆ. ಅಷ್ಟರಲ್ಲಿ ಆ ಹಳೆಯ ಬಿಕ್ಕಳಿಕೆ.

"ನಿಂತೋಯ್ತು! ಮೇಡಂ, ನಿಂತೇಬಿಡ್ತು!" ಮುಜೀಬಣ್ಣ ಡ್ಯಾಶ್‌ಬೋರ್ಡ್ ಬಡಿದರು. ನಡುರಸ್ತೆಯಲ್ಲಿ ಕಾರು ಕೆಟ್ಟಿದ್ದಕ್ಕೆ ಇಬ್ಬರು ಐವತ್ತು ದಾಟಿದವರು ಅಷ್ಟು ಸಂಭ್ರಮಪಟ್ಟಿದ್ದನ್ನು ನೋಡಿ ಬೈಕಿನವನೊಬ್ಬ ನಿಧಾನ ಮಾಡಿ, ಏನೂ ಅರ್ಥವಾಗದೆ ಮುಂದೆ ಹೋದ.

ಬಾನೆಟ್ ಎತ್ತಿ, ಬಗ್ಗಿ, ಆ ಸೆನ್ಸರಿನ ಮೇಲೆ ಮಾತ್ರ ಬೀಳುವಂತೆ ನಿಧಾನವಾಗಿ ನೀರು ಹುಯ್ದರು. "ಈಗ ಹೊಡೀರಿ," ಎಂದರು. ಕೀ ತಿರುಗಿಸಿದೆ. ಇಪ್ಪತ್ತು ನಿಮಿಷ ಕಾಯಿಸುತ್ತಿದ್ದ ಕಾರು ಎರಡೇ ನಿಮಿಷಕ್ಕೆ ಹತ್ತಿಕೊಂಡಿತು. ಗ್ಯಾರೇಜಿಗೆ ಹಿಂದಿರುಗಿದ ಮೇಲೆ ಹೊಸ ಸೆನ್ಸರ್ ಕೂರಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಶನಿವಾರ ಕುಣಿಗಲ್ಲಿಗೆ ಹೋದಾಗ ಅಕ್ಕ ಸೀರೆಯನ್ನೇ ಬದಲಾಯಿಸಿರಲಿಲ್ಲ. "ಬರಲ್ಲ ಅಂದ್ನಲ್ಲೇ," ಎಂದಳು. ಅವಳನ್ನು ಹೆಚ್ಚುಕಡಿಮೆ ಎತ್ತಿಯೇ ಕೂರಿಸಿಕೊಂಡು ಹೊರಟೆ. ಅರ್ಧ ದಾರಿಯಲ್ಲಿ ಒಂದು ಹುಣಸೆಮರದ ಕೆಳಗೆ ಬೇಕೆಂದೇ ಕಾರು ಆಫ್ ಮಾಡಿದೆ. ಅಕ್ಕ ಬೆಚ್ಚಿದಳು. "ಏನಿಲ್ಲ, ಹತ್ತು ನಿಮಿಷ ನಿಂತು ಹೋಗೋಣ," ಎಂದೆ. ಸುಮ್ಮನೆ ಕೂರುವುದೇಕೆಂದು ಅವಳನ್ನು ಇಳಿಸಿ ಮರದ ನೆರಳಲ್ಲಿ ಕೈಹಿಡಿದು ನಡೆಸಿದೆ. ಆಮೇಲೆ ಕಾರು ಸ್ಟಾರ್ಟ್ ಆಯಿತು, ಒಂದು ಕಿಲೋಮೀಟರ್ ದಾಟಿತು, ಮೂರು ದಾಟಿತು. ನನ್ನ ಕೈಗಳು ಮಾತ್ರ ತುಮಕೂರು ಮುಟ್ಟುವವರೆಗೂ ಸ್ಟೀರಿಂಗನ್ನು ಬಿಗಿಹಿಡಿದೇ ಇದ್ದವು. ಬಿಡಿಭಾಗ ಬದಲಾಯಿಸಿದಷ್ಟು ಸುಲಭವಾಗಿ ನಂಬಿಕೆ ವಾಪಸು ಕೂರುವುದಿಲ್ಲ, ಅದಕ್ಕೆ ಒಂದಿಷ್ಟು ರಸ್ತೆ ಸವೆಯಬೇಕು.

ಈಗ ಎಂಟು ವಾರವಾಯಿತು. ಆ ಮರದ ಕೆಳಗೆ ನಿಲ್ಲಿಸುವ ಅಗತ್ಯವಿಲ್ಲ. ಆದರೂ ನಿಲ್ಲಿಸುತ್ತೇನೆ. ಹೋದ ಶನಿವಾರ ನಾನು ಇಳಿದು ಸುತ್ತಿ ಬರುವಷ್ಟರಲ್ಲಿ ಅಕ್ಕ ಬಾಗಿಲು ತೆಗೆದು, ಕೋಲೂರಿಕೊಂಡು ತಾನೇ ನಾಲ್ಕು ಹೆಜ್ಜೆ ಇಟ್ಟಿದ್ದಳು.

"ನೀನು ಕಾರು ನೋಡ್ಕೋ," ಎಂದಳು, ತಿರುಗಿಯೂ ನೋಡದೆ. "ನನ್ನ ಪಾಡಿಗೆ ನಾನು ಹೋಗ್ತೀನಿ."