ಗಾಳ ಹಿಡಿದವರನ್ನು ಎಲ್ಲಿಗೆಂದು ಕೇಳಬಾರದು

ಮಕ್ಕಳೇ, ಮೀನಿನ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕೆಂದು ಕೇಳಿದ್ದೀರಿ. ರಜೆ ಬಂದರೆ ಕಾರವಾರದ ಕಡಲ ದಂಡೆಯಲ್ಲಿ ನಿಂತು ಗಾಳ ಹಾಕುತ್ತೀರಂತೆ, ಸಿಕ್ಕಿದ್ದನ್ನು ನೀವೇ ಬೇಯಿಸಿಕೊಳ್ಳುತ್ತೀರಂತೆ, ಆದರೆ ನಿಮ್ಮ ಅಜ್ಜಿಯಾದ ನಾನು ಹೇಳುವ ಆ ರುಚಿ ಬರುವುದಿಲ್ಲವಂತೆ. ನಾನು ಕಡಲನ್ನು ಕಂಡವಳಲ್ಲ. ಊರಿನ ಸಾಲೆಯಲ್ಲಿ ಅಷ್ಟಿಷ್ಟು ಓದಿದ ನನಗೆ ಕಡಲೆಂದರೆ ಗೋಡೆಯ ನಕಾಶೆಯಲ್ಲಿದ್ದ ನೀಲಿ ಬಣ್ಣ. ನನಗೆ ಗೊತ್ತಿರುವುದು ಆನೆಗುಂದಿಯ ಆಚೀಚೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆಯ ನೀರು. ಅಲ್ಲಿ ಹುಣಸೆಹಣ್ಣಿಗೆ ಒಂದೇ ಅಳತೆ ಇರಲಿಲ್ಲ. ಬಂಡೆಗಳ ಸಂದಿನಲ್ಲಿ ಓಡುವ ನೀರಿನ ಮೀನಿಗೆ ಮಣ್ಣಿನ ವಾಸನೆ ಇರುವುದಿಲ್ಲ, ಅಡಿಕೆಯಷ್ಟು ಹುಳಿ ಸಾಕು. ಮಡುವಿನಲ್ಲಿ ನಿಂತ ನೀರಿನ ಮೀನಿಗೆ ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಕೆಸರಿನ ವಾಸನೆ ಹೋಗದು, ನಿಂಬೆಹಣ್ಣಿನ ಗಾತ್ರದ ಹುಳಿ ಬೇಕು. ಹಾಗಾಗಿ ಮೀನನ್ನು ಮೂಸಿ ನೋಡಿದ ಮೇಲೆಯೇ ನಾನು ಹುಣಸೆಹಣ್ಣು ನೆನೆಹಾಕುತ್ತಿದ್ದೆ. ನಿಮ್ಮ ಅಜ್ಜ ಅಂದು ಎಲ್ಲಿ ಕುಳಿತಿದ್ದರೆಂಬುದೂ ನನಗೆ ತಿಳಿಯುತ್ತಿದ್ದುದು ಆ ವಾಸನೆಯಿಂದಲೇ.

ನಿಮ್ಮ ಅಜ್ಜ ದರ್ಜಿ. ಸಂತೆಯ ಮರುದಿನ ಹೊಲಿಗೆಯ ಕೆಲಸ ಇರುತ್ತಿರಲಿಲ್ಲ. ಆ ದಿನ ಅವರ ಮುಖದಲ್ಲಿ ಬೇರೆಯದೇ ಒಂದು ಬೆಳಕು. ಅಂಗಡಿಯ ದಾರವನ್ನೇ ಹೊಸೆದು, ಮೇಣ ತೀಡಿ ಗಾಳದ ದಾರ ಮಾಡಿಕೊಂಡಿದ್ದರು. ಜೋಳದ ದಂಟಿನ ಬೆಂಡು ನೀರಿನ ಮೇಲೆ ತೇಲುವುದನ್ನು ನೋಡುತ್ತ ಕುಳಿತರೆ ವಾರದ ಬೆನ್ನುನೋವೆಲ್ಲ ಹೊಳೆಗೆ ಇಳಿದುಹೋಗುತ್ತದೆ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ, ಬಿದಿರುಕೋಲು ಹೆಗಲಿಗಿಟ್ಟು ಹೊರಟವರನ್ನು ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ: "ಎಲ್ಲಿಗೆ ಹೊಂಟ್ರಿ?"

ಅವರು ಕೋಲನ್ನು ಮೂಲೆಗಿಟ್ಟು, ಮಷೀನಿನ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸತೊಡಗಿದರು. ಒಲೆಯ ಮುಂದಿನಿಂದ ಅತ್ತೆ ಕೂಗಿದರು: "ಕೇಳಿದೇನವಾ? ಮುಗೀತು! ನಿನ್ನ ದನಿ ಹೊಳಿಮಟ ಹೋತು. ಮೀನೆಲ್ಲಾ ಆ ಕಡಿ ಇಂಗ್ಲಿಷರ ಸೀಮಿಗೆ ಓಡಿದವು. ಇವತ್ತು ಬದನಿಕಾಯಿ ಕೊಯ್ಯಿ."

ಹೊಳೆಯ ಈ ದಂಡೆ ಆಗ ನಿಜಾಮರದು, ಆ ದಂಡೆ ಇಂಗ್ಲಿಷರದು. ಆ ಮಾತಿಗೆ ನಿಮ್ಮ ಅಜ್ಜನೂ ನಕ್ಕರು, ನಾನೂ ಸೆರಗಿನೊಳಗೆ ನಕ್ಕೆ. ಆಮೇಲೆ ಎಂದೂ ಕೇಳಲಿಲ್ಲ. ಕೇಳದೆ ತಿಳಿಯುವುದೇ ಒಂದು ಸುಖವಾಯಿತು: ಅವರು ಬರುವುದು, ನಾನು ಮೀನನ್ನು ಮೂಸಿ "ಮಡುವಿನ್ಯಾಗ ಕುಂತಿದ್ರಿ" ಎನ್ನುವುದು, ಅವರು "ಇಕಿ ಏನು ಬೆಕ್ಕಾಗಿ ಹುಟ್ಟಬೇಕಾಗಿತ್ತೋ ಏನೋ" ಎಂದು ಅತ್ತೆಗೆ ಹೇಳುವುದು. ಸಂಸಾರದ ಸುಖವೆಂದು ನನಗೆ ನೆನಪಿರುವುದು ಇಷ್ಟೇ, ಮಕ್ಕಳೇ. ಅದೂ ಬಹಳ ವರ್ಷ ನಡೆಯಲಿಲ್ಲ.

ಒಂದು ವರ್ಷ ಮಳೆಗಾಲದಲ್ಲಿ ಹೊಳೆ ಕೆಂಪಗೆ ಬಂದಿತ್ತು. ನಿಮ್ಮ ತಂದೆ ಆಗ ನನ್ನ ಕಂಕುಳಲ್ಲಿನ ಕೂಸು. ನಿಮ್ಮ ಅಜ್ಜ ಕೋಲು ಎತ್ತಿಕೊಂಡಾಗ ನನ್ನ ಬಾಯಿಂದ "ಎಲ್ಲಿ..." ಎಂದು ಅರ್ಧ ಬಂತು, ಉಳಿದ ಅರ್ಧ ಗಂಟಲಲ್ಲಿ ನಿಂತಿತು.

"ನುಂಗಿದಿಯಲ್ಲಾ, ಛಲೋ ಆತು," ಎಂದು ನಗುತ್ತ ಹೊಸ್ತಿಲು ದಾಟಿದರು. "ರೊಟ್ಟಿ ಬಡಿದಿಡು. ಬಂದೆ."

ಸಂಜೆಯಾದರೂ ಬರಲಿಲ್ಲ. ಹರಿಗೋಲು ನಡೆಸುವ ಹುಸೇನಪ್ಪ ಪಂಜು ಹಿಡಿದು ನಾಲ್ಕು ಜನರೊಡನೆ ಬಾಗಿಲಿಗೆ ಬಂದ. "ತಂಗೀ, ಎಲ್ಲಿಗೆ ಹೋಗ್ಯಾನ? ಮ್ಯಾಲಿನ ಬಂಡೆಗಲ್ಲಿಗೋ, ಕೆಳಗಿನ ಮಡುವಿಗೋ?"

"ಕೇಳಿಲ್ಲಣ್ಣಾ."

"ಕೇಳಿಲ್ಲಂದ್ರ? ಹೊಳಿ ಏನು ನಮ್ಮ ಓಣಿ ಐತೇನವಾ, ಒಂದು ತುದಿಗಿ ನಿಂತು ಕೂಗಾಕ?"

ಅವರು ಮೇಲಕ್ಕೂ ಹೋದರು, ಕೆಳಕ್ಕೂ ಹೋದರು. ನೀರಿಳಿದ ಮೇಲೆ ಆಚೆ ದಂಡೆಗೂ ದಾಟಿ ವಿಚಾರಿಸಿದರು. ಬಿದಿರುಕೋಲಿನ ಒಂದು ತುಂಡೂ ಸಿಗಲಿಲ್ಲ. ಕೇಳಿದ್ದರೆ ಹುಡುಕುವವರಿಗೆ ದಾರಿ ಸಿಗುತ್ತಿತ್ತು ಎಂದರು ಕೆಲವರು. ಕೇಳಿದ್ದರೆ ನಿಮ್ಮ ಅಜ್ಜ ಅಂದು ಹೋಗುತ್ತಲೇ ಇರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಇಂದಿಗೂ ಹೊಳೆಯುತ್ತಲೇ ಇದೆ.

ಹೆಣ ಸಿಗದ ಮನೆಯಲ್ಲಿ ದುಃಖಕ್ಕೆ ಕೂರಲು ಜಾಗವಿರುವುದಿಲ್ಲ. ಓಣಿಯ ಹೆಂಗಸರು ನನ್ನ ಬಳೆ ತೆಗೆಸಲು ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಯಾರು ಸತ್ತಾರಂತ ಬಳಿ ಒಡೀತೀರಿ? ನನ್ನ ಮಗ ಆ ದಂಡಿಗೆ ಹತ್ಯಾನ. ಬರ್ತಾನ. ನಡೀರಿ ನಿಮ್ಮ ನಿಮ್ಮ ಮನಿಗೆ."

ಹಾಗೆ ನಾನು ಮುತ್ತೈದೆಯೂ ಅಲ್ಲದೆ ವಿಧವೆಯೂ ಅಲ್ಲದೆ ಉಳಿದೆ. ಹೊಳೆಯ ನಡುವಿನ ಬಂಡೆಯ ಮೇಲೆ ನಿಂತವರಿಗೆ ಎರಡೂ ದಂಡೆಗಳು ಕಾಣುತ್ತವೆ, ಯಾವುದೂ ಅವರದಲ್ಲ. ಬೆಳಗ್ಗೆ ಕುಂಕುಮದ ಭರಣಿ ತೆರೆದು ಮತ್ತೆ ಮುಚ್ಚುತ್ತಿದ್ದೆ. ಇಡದೆ ಬಂದರೆ ಅತ್ತೆ ತಾವೇ ಇಡುತ್ತಿದ್ದರು. ಹೀಗೆ ಎರಡು ಸುಗ್ಗಿ ಕಳೆದವು.

ಪಕ್ಕದ ಮನೆಯ ಬಸುರಿಗೆ ಕುಬಸ ಮಾಡಿ ಉಡಿ ತುಂಬುವ ದಿನ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬಂತು. ನನ್ನ ಮುಂದೆ ಬಂದಾಗ ಆ ಮನೆಯಾಕೆ ನಿಂತಳು. ನನ್ನ ಹಣೆ ನೋಡಿದಳು, ಅತ್ತೆಯ ಮುಖ ನೋಡಿದಳು. ಬಸುರಿ ಹುಡುಗಿ ತನ್ನ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು. ಅವಳ ತಪ್ಪೇನೂ ಇಲ್ಲ. ನಾನು ತಲೆನೋವೆಂದು ಎದ್ದು ಬಂದೆ.

ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತು, ಕೈಗೆ ಕುಸುಬೆ ಎಣ್ಣೆ ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿದೆ. ಒಡೆಯುವ ಧೈರ್ಯ ನನಗಿರಲಿಲ್ಲ. ಎಲ್ಲವನ್ನೂ ಇಡಿಯಾಗಿಯೇ ನೆಲದ ಮೇಲೆ ಇಟ್ಟೆ. ಹಿಂದೆಯೇ ಬಂದ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಹಂಗಾದ್ರ ನನ್ನ ಮಗ ಸತ್ತನೇನವಾ?"

ಅವರು ಬಾಗಿ, ಬಳೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಗೆಯುವ ಕಲ್ಲಿನ ಮೇಲೆ ಗಾಜು ಒಡೆಯುವ ಸದ್ದು ಬಂತು. ಒಂದು, ತಡೆದು ಇನ್ನೊಂದು. ಎಲ್ಲ ಮುಗಿಯುವವರೆಗೆ ಎಣ್ಣೆಗೈಯಲ್ಲೇ ಕುಳಿತು ಕೇಳಿದೆ.